ಬ್ಯಾಂಕಿನವರು ಹಾಕಿದ ಬೆಲೆ ಕಮ್ಮಿ ಬಂತೆಂದು ಬೇಸರ ಬೇಡ

ನಾನು ತೋಟಗಾರಿಕೆ ಓದಿದವನು, ಈಗ ಈಶ್ವರಮಂಗಲದಲ್ಲಿ ಸಾವಯವ ಕೃಷಿ ಮಾಡುತ್ತಿದ್ದೇನೆ. ಹಾಗಾಗಿ ಜಾಗ ಕೊಳ್ಳಲು ಹೊರಟ ಊರಿನ ಹುಡುಗರು ಒಮ್ಮೆ ತೋಟ ನೋಡಿ ಹೇಳಿ ಅಂತ ಕರೆಯುವುದುಂಟು. ಹೋಗಿ ಮರ ನೋಡುತ್ತೇನೆ, ಮಣ್ಣು ನೋಡುತ್ತೇನೆ, ಕೆರೆಗೆ ಇಣುಕುತ್ತೇನೆ. ಆದರೆ ಕೊನೆಗೆ ಮಾತು ಬಂದು ನಿಲ್ಲುವುದು ತೋಟದ ಮೇಲಲ್ಲ, ಸಾಲದ ಮೇಲೆ. "ಬ್ಯಾಂಕಿನ ವ್ಯಾಲ್ಯುವರ್ ಬಂದು ಹೋದ್ರು ಅಣ್ಣ, ಪಾರ್ಟಿ ಹೇಳಿದ ರೇಟಿನ ಅರ್ಧಕ್ಕೆ ಸ್ವಲ್ಪ ಮೇಲೆ ಹಾಕಿದ್ದಾರೆ. ಅವರಿಗೆ ತೋಟದ ಬೆಲೆ ಎಂತ ಗೊತ್ತುಂಟು?" ಈ ಮಾತು ಎಷ್ಟು ಸಲ ಕೇಳಿದೆನೋ.

ನನ್ನ ಅಭಿಪ್ರಾಯ ಬೇರೆ. ಮೊದಲ ಸಲ ಜಾಗ ಕೊಳ್ಳುವವನಿಗೆ ಈ ವ್ಯವಹಾರದಲ್ಲಿ ಲಾಭ-ನಷ್ಟ ಇಲ್ಲದೆ ಬೆಲೆ ಹೇಳುವ ಮನುಷ್ಯ ಒಬ್ಬನೇ, ಅವನು ಆ ವ್ಯಾಲ್ಯುವರ್. ಬ್ರೋಕರ್‌ಗೆ ಕಮಿಷನ್ ಬೇಕು, ಮಾರುವವನಿಗೆ ರೇಟು ಬೇಕು, ನಮಗೆ ಜಾಗ ಬೇಕೆಂಬ ಆಸೆ. ವ್ಯಾಲ್ಯುವರ್ ಹಾಕಿದ ಬೆಲೆಗೂ ಕೇಳಿದ ಬೆಲೆಗೂ ನಡುವೆ ಇರುವ ಅಂತರವನ್ನು ಚಿನ್ನ ಅಡವಿಟ್ಟು ತುಂಬಿಸುವ ಮೊದಲು, ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ ನೋಡಿ. ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆ ಉತ್ತರ ಹೆಚ್ಚಾಗಿ ಒಂದೇ ಇರುತ್ತದೆ: ಕುಮ್ಕಿ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಹೇಳುತ್ತೇನೆ, ಯಾರ ಜಾಗವೂ ಅಲ್ಲ. ಬ್ರೋಕರ್ ಹೇಳುವುದು "3 ಎಕ್ರೆ ಫಸಲು ಬರುವ ಅಡಿಕೆ ತೋಟ, ಹಂಚಿನ ಮನೆ, 75 ಲಕ್ಷ". ಆರ್‌ಟಿಸಿ ತೆಗೆದು ನೋಡಿದರೆ ಇರುವುದು 1 ಎಕ್ರೆ 80 ಸೆಂಟ್ಸ್. ಉಳಿದ 1 ಎಕ್ರೆ 20 ಸೆಂಟ್ಸ್ ಕುಮ್ಕಿ. ವ್ಯಾಲ್ಯುವರ್ ಎಕ್ರೆಗೆ 20 ಲಕ್ಷದಂತೆ ವರ್ಗ ಜಾಗಕ್ಕೆ 36 ಲಕ್ಷ, ಮನೆ, ಬಾವಿ, ಪಂಪು ಎಲ್ಲ ಸೇರಿ 9 ಲಕ್ಷ, ಒಟ್ಟು 45 ಲಕ್ಷ ಬರೆಯುತ್ತಾರೆ. ಬ್ಯಾಂಕ್ ಅದರ ಶೇ. 70 ಕೊಡುತ್ತದೆ ಅಂತ ಇಟ್ಟುಕೊಳ್ಳಿ, ಸಾಲ 31.5 ಲಕ್ಷ. ನಮ್ಮ ಹುಡುಗ ಮನಸ್ಸಲ್ಲಿ ಹಾಕಿದ್ದು 75ರ ಶೇ. 70, ಅಂದರೆ 52.5 ಲಕ್ಷ. 21 ಲಕ್ಷ ಕಡಿಮೆ ಬಿತ್ತು. ಅಡ್ವಾನ್ಸ್ ಆಗಲೇ ಕೊಟ್ಟಾಗಿದೆ. ಇಲ್ಲಿಂದ ಶುರುವಾಗುತ್ತದೆ ಓಡಾಟ: ಹೆಂಡತಿಯ ಚಿನ್ನ, ಭಾವನ ಹತ್ತಿರ ಕೈಸಾಲ, ಫೈನಾನ್ಸಿನ ಪರ್ಸನಲ್ ಲೋನ್.

ಘಟ್ಟದ ಮೇಲಿನ ಓದುಗರಿಗೆ ಕುಮ್ಕಿ ಅಂದರೆ ಎಂತ ಅಂತ ಹೇಳಬೇಕು. ಹಳೆಯ ಕದೀಂ ವರ್ಗ ಜಾಗಕ್ಕೆ ತಾಗಿಕೊಂಡ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲು ತೆಗೆಯಲು ವರ್ಗದಾರನಿಗೆ ಇದ್ದ ಸವಲತ್ತು ಅದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಂ ಕೊಡಗಿನ ಬಾಣೆ, ನಮ್ಮ ಜಿಲ್ಲೆಯ ಕುಮ್ಕಿ ಇಂಥ ಸವಲತ್ತುಗಳನ್ನು ಮುಂದುವರಿಸಿದೆ. ಸವಲತ್ತು ಅಂದದ್ದು ನೆನಪಿರಲಿ. ಒಡೆತನ ಸರಕಾರದ್ದೇ. ಸೊಪ್ಪಿನ ಗುಡ್ಡೆ ತಲೆಮಾರುಗಳಲ್ಲಿ ಅಡಿಕೆ ತೋಟವಾಯಿತು, ರಬ್ಬರ್ ಆಯಿತು, ಕೆಲವು ಕಡೆ ಮನೆಯೂ ಆಯಿತು. ನಮ್ಮ ಜಿಲ್ಲೆಯಲ್ಲಿ ಕುಮ್ಕಿ ಇಲ್ಲದ ಕೃಷಿಕನ ಮನೆ ಹುಡುಕುವುದೇ ಕಷ್ಟ. ನಾಳೆ ಬೆಳಿಗ್ಗೆ ಯಾರೋ ಬಂದು ಮರ ಕಡಿಯುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಸರಕಾರದ ಜಾಗವನ್ನು ಬ್ಯಾಂಕ್ ಅಡಮಾನ ಹಿಡಿಯುವುದಿಲ್ಲ, ಅದರ ಮೇಲಿನ ಮರಕ್ಕೂ ಬೆಲೆ ಕಟ್ಟುವುದಿಲ್ಲ. ಅಕ್ರಮ-ಸಕ್ರಮದಲ್ಲಿ ನಮೂನೆ 50, 53, 57 ಹಾಕಿದ್ದೇವೆ, ಇವತ್ತೋ ನಾಳೆಯೋ ಮಂಜೂರಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಅರ್ಜಿಯ ಸ್ವೀಕೃತಿ ಚೀಟಿ ಹಕ್ಕುಪತ್ರ ಅಲ್ಲ ಮಾರಾಯ್ರೆ. ಇನ್ನು ಮಂಜೂರಾಗಿ ಆರ್‌ಟಿಸಿಗೆ ಬಂದ ಜಾಗವಾದರೆ, ಮಂಜೂರಾತಿ ಆದೇಶದ ಪ್ರತಿ ಕೇಳಿ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಶರ್ತ ಅದರಲ್ಲಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾದರಂತೂ 1978ರ ಕಾಯಿದೆ ಪ್ರಕಾರ ಸರಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಜಾಗ ವಾಪಸ್ ಹೋಗುತ್ತದೆ, ನಿಮ್ಮ ದುಡ್ಡು ಹೋಗುತ್ತದೆ.

ಹಾಗಾದರೆ ಕುಮ್ಕಿಗೆ ಬೆಲೆಯೇ ಇಲ್ಲವಾ? ಉಂಟು. ಅದರಲ್ಲಿ ಫಸಲು ಬರುತ್ತದೆ, ಅದು ಸುಳ್ಳಲ್ಲ. ಆದರೆ ನಾವು ಕೊಳ್ಳುವುದು ಅನುಭೋಗ, ಭೂಮಿ ಅಲ್ಲ. ನಾನಾದರೆ ಅದಕ್ಕೆ ಮೂರು-ನಾಲ್ಕು ವರ್ಷದ ನಿವ್ವಳ ಫಸಲಿನಷ್ಟು ಮಾತ್ರ ಕೊಡುತ್ತೇನೆ. ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್ ಚದರ, ಎಕ್ರೆಗೆ ಸುಮಾರು 550 ಮರ. 1 ಎಕ್ರೆ 20 ಸೆಂಟ್ಸಿನಲ್ಲಿ 660 ಮರ. ಮರಕ್ಕೆ ಒಂದೂವರೆ ಕಿಲೋ ಚಾಲಿ, ಕಿಲೋಗೆ 400 ರೂಪಾಯಿ ಹಿಡಿದರೆ 4 ಲಕ್ಷದ ಹತ್ತಿರ. ಕೊಯ್ಲು, ಸುಲಿತ, ಮದ್ದು, ಗೊಬ್ಬರ, ಕೂಲಿಗೆ ಅರ್ಧ ಹೋಯಿತು ಅಂದರೆ ಉಳಿಯುವುದು 2 ಲಕ್ಷ. ನಾಲ್ಕು ವರ್ಷಕ್ಕೆ 8 ಲಕ್ಷ. ವರ್ಗಕ್ಕೆ 45, ಕುಮ್ಕಿಗೆ 8, ಒಟ್ಟು 53. ಕೇಳಿದ್ದು 75. ಆ 22 ಲಕ್ಷ ಎಂತಕ್ಕೆ ಅಂತ ಮಾರುವವರನ್ನೇ ಕೇಳಬಹುದು, ಕೇಳಲು ನಾಚಿಕೆ ಪಡಬೇಕಾಗಿಲ್ಲ.

ಈಗ ಇನ್ನೊಂದು ಲೆಕ್ಕ. ಬ್ಯಾಂಕ್ ಒಂದು ವೇಳೆ ಧಾರಾಳವಾಗಿ 52.5 ಲಕ್ಷ ಕೊಟ್ಟೇ ಬಿಟ್ಟಿತು ಅನ್ನೋಣ. ಶೇ. 9 ಬಡ್ಡಿ, 15 ವರ್ಷ, ತಿಂಗಳ ಕಂತು 53 ಸಾವಿರ ದಾಟುತ್ತದೆ, ವರ್ಷಕ್ಕೆ ಸುಮಾರು 6.4 ಲಕ್ಷ. ಮೂರೂ ಎಕ್ರೆಯ 1,650 ಮರದಿಂದ ಮೇಲಿನ ಲೆಕ್ಕದಲ್ಲೇ ಸಿಗುವುದು 9.9 ಲಕ್ಷ, ಖರ್ಚು ಕಳೆದರೆ 5 ಲಕ್ಷದಷ್ಟು. ತೋಟದ ಆದಾಯದಿಂದ ತೋಟದ ಸಾಲ ತೀರುವುದಿಲ್ಲ, ಊಟದ ಖರ್ಚು ಆಮೇಲಿನ ಮಾತು. 31.5 ಲಕ್ಷಕ್ಕಾದರೆ ವರ್ಷಕ್ಕೆ 3.8 ಲಕ್ಷ. ಹೇಗೋ ಉಸಿರಾಡಬಹುದು. ಕೊಳೆರೋಗ ಜೋರಾದ ಒಂದು ಮಳೆಗಾಲ ಬಂದರೆ ಅದೂ ಇಲ್ಲ. ಹಾಗಾಗಿ ಬ್ಯಾಂಕಿನವರು ಕಮ್ಮಿ ಕೊಟ್ಟರು ಅಂತ ಬೈಯುವ ಮೊದಲು ಹೆಚ್ಚು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಅಡಿಕೆಗೆ ನಾನು ಹಿಡಿದದ್ದು 400 ರೂಪಾಯಿ. ಈ ವರ್ಷದ ರೇಟು ನೋಡಿ 15 ವರ್ಷದ ಸಾಲ ಮಾಡುವುದು ಸರಿಯಲ್ಲ.

ಕಂತಿನ ಸಮಯವೂ ಮುಖ್ಯ. ಸಂಬಳದವರಿಗೆ ತಿಂಗಳ ಇಎಂಐ ಸರಿ. ಅಡಿಕೆಯವನಿಗೆ ದುಡ್ಡು ಬರುವುದು ಸುಲಿದು ಮಾರಿದಾಗ, ಅದೂ ರೇಟು ನೋಡಿಕೊಂಡು. ಕೃಷಿ ಸಾಲವಾದರೆ ಅರ್ಧ ವಾರ್ಷಿಕ ಅಥವಾ ವಾರ್ಷಿಕ ಕಂತು ಇಡಲು ಸಾಧ್ಯ. ಸಹಿ ಹಾಕುವ ಮೊದಲು ಬಾಯಿಬಿಟ್ಟು ಕೇಳಬೇಕು, ಕೇಳದಿದ್ದರೆ ತಿಂಗಳದ್ದೇ ಬರೆಯುತ್ತಾರೆ.

ಬ್ಯಾಂಕಿನವರಿಗೆ ಕೃಷಿ ಜಾಗದ ಮೇಲೆ ಯಾಕೆ ಇಷ್ಟು ಹಿಂಜರಿಕೆ ಅಂದರೆ ಅದಕ್ಕೂ ಕಾರಣ ಉಂಟು. 2002ರ ಸರ್ಫೇಸಿ ಕಾಯಿದೆಯಲ್ಲಿ ಸಾಲ ಕಟ್ಟದವರ ಮನೆ, ಅಂಗಡಿಯನ್ನು ಕೋರ್ಟಿಗೆ ದಾವೆ ಹಾಕದೆ ಬ್ಯಾಂಕ್ ವಶಪಡಿಸಿ ಹರಾಜು ಹಾಕಬಹುದು. ಆದರೆ ಕೃಷಿ ಭೂಮಿಯನ್ನು ಅದೇ ಕಾಯಿದೆಯ 31ನೇ ಕಲಂ ಹೊರಗಿಟ್ಟಿದೆ. ರೈತನಿಗೆ ಒಳ್ಳೆಯದೇ. ಆದರೆ ಹೊಸತಾಗಿ ಜಾಗ ಕೊಳ್ಳುವ ರೈತನಿಗೆ ಅದೇ ಕಾರಣಕ್ಕೆ ಸಾಲ ಕಮ್ಮಿ, ವಿಚಾರಣೆ ಜಾಸ್ತಿ. ಹೋಮ್ ಲೋನ್ ಜಾಹೀರಾತು ನೋಡಿ ತೋಟ ಕೊಳ್ಳಲು ಹೋಗುವವರು ತಿಳಿಯಬೇಕಾದ್ದೂ ಇದೇ, ಹೋಮ್ ಲೋನ್ ಮನೆಗೆ, ತೋಟಕ್ಕಲ್ಲ. ಸೊಸೈಟಿ ಮತ್ತು ಪಿಎಲ್‌ಡಿ ಬ್ಯಾಂಕಿನ ಶೇ. 3ರ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು ರಾಜ್ಯ ಸರಕಾರ 2023-24ರ ಬಜೆಟಿನಲ್ಲಿ 10ರಿಂದ 15 ಲಕ್ಷಕ್ಕೆ ಏರಿಸಿದೆ. ಅದು ಜಾಗ ಕೊಂಡ ಮೇಲೆ ಬೋರು, ಪಂಪು, ಹೊಸ ಗಿಡ ಇಂಥದ್ದಕ್ಕೆ. ಜಾಗದ ರೇಟಿನಲ್ಲಿ ಬಿದ್ದ ಅಂತರ ತುಂಬಿಸಲು ಅದನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ.

ಇನ್ನು ಕಪ್ಪು-ಬಿಳಿಯ ವಿಷಯ. ಕ್ರಯಪತ್ರದಲ್ಲಿ ಸರಕಾರದ ಮಾರ್ಗಸೂಚಿ ಬೆಲೆಯಷ್ಟೇ ತೋರಿಸಿ ಉಳಿದದ್ದು ಕೈಗೆ ಕೊಡಿ ಅನ್ನುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಂಕ್ ನೋಡುವುದು ಕ್ರಯಪತ್ರದ ಬೆಲೆ ಮತ್ತು ವ್ಯಾಲ್ಯುಯೇಶನ್, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನು. ನಾವೇ ಬೆಲೆ ಇಳಿಸಿ ಬರೆದು ಸಾಲ ಕಮ್ಮಿ ಬಂತು ಅಂದರೆ ಹೇಗೆ? ಉಳಿಯುವುದಾದರೂ ಎಷ್ಟು ನೋಡಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ಗ್ರಾಮಾಂತರದಲ್ಲಿ ಒಟ್ಟು ಶೇ. 7.65. 75ರ ಬದಲು 45 ಲಕ್ಷ ತೋರಿಸಿದರೆ ಉಳಿಯುವುದು 2.3 ಲಕ್ಷ. ಅಷ್ಟಕ್ಕೆ 30 ಲಕ್ಷದ ರಶೀದಿಯೇ ಇಲ್ಲದ ಹಾಗೆ ಮಾಡಿಕೊಳ್ಳುತ್ತೇವೆ. ನಾಳೆ ವ್ಯಾಜ್ಯವಾದರೆ ಕೋರ್ಟಿನಲ್ಲಿ ಆ ದುಡ್ಡು ಕೊಟ್ಟೆ ಅಂತ ತೋರಿಸಲು ಕಾಗದ ಇಲ್ಲ. ತಮಾಷೆ ಎಂದರೆ, ಈಶ್ವರಮಂಗಲದ ಹಾಗೆ ಪೇಟೆಯಿಂದ ದೂರದ ಗ್ರಾಮೀಣ ಕೃಷಿ ಭೂಮಿ ಮಾರಿದ ಲಾಭಕ್ಕೆ ಆದಾಯ ತೆರಿಗೆಯೇ ಇಲ್ಲ. ಅಡಗಿಸುವ ಅಗತ್ಯ ಮಾರುವವನಿಗೂ ಇಲ್ಲ! ಬದಲಾಗಿ, ಸ್ಥಿರಾಸ್ತಿ ವ್ಯವಹಾರಕ್ಕೆ 20 ಸಾವಿರ ಅಥವಾ ಮೇಲ್ಪಟ್ಟು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳುವ ನಿಯಮ 2015ರಿಂದ ಉಂಟು. ದಂಡ ಪಡೆದವರಿಗೆ. ಚೆಕ್ಕಿನಲ್ಲಿ ತೆಗೆದುಕೊಳ್ಳಿ ಅಂತ ಮಾರುವವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಒಪ್ಪಲೇಬೇಕು. ನಾವು 53 ಅಂದರೆ ಮಾರುವವರು ನಗುತ್ತಾರೆ, ಯಾಕೆಂದರೆ 75 ಕೊಡುವವರು ಇದ್ದಾರೆ. ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು. ಬೆಂಗಳೂರಿನ, ಗಲ್ಫಿನ ದುಡ್ಡಿಗೆ ಸಾಲದ ಅಗತ್ಯ ಇಲ್ಲ, ವ್ಯಾಲ್ಯುವರ್ ಬರುವ ಅಗತ್ಯವೂ ಇಲ್ಲ. ವಾರಾಂತ್ಯಕ್ಕೆ ಬಂದು ಎಳನೀರು ಕುಡಿದು ಹೋಗುವವರು ರೇಟು ನಿಗದಿ ಮಾಡುತ್ತಾರೆ. ತೋಟದಲ್ಲೇ ಬದುಕಬೇಕೆಂದಿರುವ ಇಲ್ಲಿನ ಹುಡುಗ, ಅಣ್ಣನಿಗೆ ಮನೆ ಬಿಟ್ಟುಕೊಟ್ಟು ಹೊರಬಂದವನು, ಆ ರೇಟನ್ನು ಬೆನ್ನಟ್ಟುತ್ತಾನೆ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಕಾಯಿದೆ ಪ್ರಕಾರ ಗೇಣಿಗೆ ಹಿಡಿದು ಕೃಷಿ ಮಾಡುವ ದಾರಿಯೂ ನಮ್ಮ ರಾಜ್ಯದಲ್ಲಿ ಮುಚ್ಚಿದೆ. ಅವನಿಗೆ ನಾನು ಹೇಳುವುದಿಷ್ಟೇ, 3 ಎಕ್ರೆಯ ಆಸೆ ಬಿಟ್ಟು 80 ಸೆಂಟ್ಸ್ ಪಕ್ಕಾ ವರ್ಗ ಜಾಗ, ಬೇಸಿಗೆಯಲ್ಲೂ ನೀರಿರುವುದು, ಹುಡುಕು. ಅಡಿಕೆಯ ಎಡೆಯಲ್ಲಿ ಕಾಳುಮೆಣಸು, ಬಾಳೆ, ಕೊಕ್ಕೊ ಹಾಕಿ ಬದುಕು ಶುರು ಮಾಡಬಹುದು. ಪಕ್ಕದ ಜಾಗ ಮಾರಾಟಕ್ಕೆ ಬಂದಾಗ ಬಂತು.

ಆದರೆ ವ್ಯಾಲ್ಯುವರ್ ವರದಿಯಲ್ಲಿ ಕಾಣದ್ದು ಕೆಲವುಂಟು. ಅದನ್ನು ನೀವೇ ನೋಡಬೇಕು. ಅವರು ಹೆಚ್ಚಾಗಿ ಸಿವಿಲ್ ಇಂಜಿನಿಯರ್ ಆಗಿರುತ್ತಾರೆ. ಗೋಡೆಯ ಬಿರುಕು ಗೊತ್ತಾಗುತ್ತದೆ, ಸೋಗೆಯ ಹಳದಿ ಗೊತ್ತಾಗಬೇಕಾಗಿಲ್ಲ. ಸುಳ್ಯದ ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಅಡಿಕೆ ಹಳದಿ ಎಲೆ ರೋಗ ಎಷ್ಟು ಮನೆಗಳನ್ನು ಬರಿದು ಮಾಡಿದೆ ಅಂತ ಅಲ್ಲಿಯವರನ್ನು ಕೇಳಿ. ಫೈಟೋಪ್ಲಾಸ್ಮಾದಿಂದ ಬರುವ ಈ ರೋಗಕ್ಕೆ ಮದ್ದಿಲ್ಲ. ಕೆಳಗಿನ ಸೋಗೆಗಳ ತುದಿಯಿಂದ ಹಳದಿ ಶುರುವಾಗಿದೆಯಾ, ಅಡಿಕೆ ಒಡೆದರೆ ತಿರುಳು ಕಪ್ಪಾಗಿದೆಯಾ, ಮಂಡೆ ಸಣ್ಣದಾಗುತ್ತಿದೆಯಾ ನೋಡಿ. ನೀರು ನಿಂತರೂ, ಪೋಷಕಾಂಶ ಕಮ್ಮಿಯಾದರೂ ಸೋಗೆ ಹಳದಿಯಾಗುತ್ತದೆ, ಆದ್ದರಿಂದ ಸಂಶಯವಿದ್ದರೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರನ್ನು ವಿಚಾರಿಸಿ. ಎಲೆಚುಕ್ಕಿಯಾದರೆ ನಿರ್ವಹಣೆ ಸಾಧ್ಯ, ಹಳದಿ ರೋಗದ ತೋಟವನ್ನು ಮಾತ್ರ ಖಾಲಿ ಜಾಗದ ಬೆಲೆಗೇ ಕೇಳಬೇಕು.

ನೀರು ನೋಡುವುದು ಏಪ್ರಿಲ್ ಕೊನೆಗೆ. ಮಳೆಗಾಲದಲ್ಲಿ ಎಲ್ಲ ತೋಡೂ ಹರಿಯುತ್ತದೆ. ವರದಿಯಲ್ಲಿ ಬೋರಿಗೆ ಬೆಲೆ ಬರೆಯುತ್ತಾರೆ, ಕರೆಂಟಿಲ್ಲದೆ ವರ್ಷವಿಡೀ ನೀರು ಕೊಡುವ ಸುರಂಗಕ್ಕೆ ಸೊನ್ನೆ. ನನಗೆ ಕೇಳಿದರೆ ಅಂಥ ಸುರಂಗ ಎರಡು ಬೋರಿಗೆ ಸಮ. ಅದು ವರ್ಗದಲ್ಲಿ ಉಂಟಾ, ಕುಮ್ಕಿಯಲ್ಲಾ, ನೆರೆಯವರ ಜಾಗದಲ್ಲಾ ಅಂತ ಮಾತ್ರ ನೋಡಿಕೊಳ್ಳಿ. ದಾರಿಯದ್ದೂ ಹಾಗೆಯೇ, "ಪಿಕಪ್ ಬರ್ತದೆ" ಅಂದರೆ ಸಾಲದು, ಕ್ರಯಪತ್ರದಲ್ಲಿ ದಾರಿ ಹಕ್ಕು ಬರೆದಿರಬೇಕು. ಸಾವಯವ ಮಾಡಬೇಕೆಂದಿರುವವರಿಗೆ ಒಂದು ವಿಷಯ: ಹತ್ತಾರು ವರ್ಷ ಬೋರ್ಡೋ ಬಿದ್ದ ತೋಟದ ಮಣ್ಣಿನಲ್ಲಿ ತಾಮ್ರ ಸೇರಿರುತ್ತದೆ, ಮಣ್ಣು ಪರೀಕ್ಷೆಯಲ್ಲಿ ಅದನ್ನೂ ಕೇಳಿ. ಪ್ರಮಾಣಪತ್ರಕ್ಕೆ ಬಹುವಾರ್ಷಿಕ ಬೆಳೆಗೆ 36 ತಿಂಗಳ ಪರಿವರ್ತನೆ ಅವಧಿ ಬೇಕು. ಹಾಗಾಗಿ ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮೊದಲ ಮೂರು ವರ್ಷ ಸಾವಯವದ ಹೆಚ್ಚುವರಿ ರೇಟು ಬರೆಯಬೇಡಿ.

ಮನೆ ಕಟ್ಟುವವರ ದಾರಿ ಬೇರೆ, ಸ್ವಲ್ಪ ಸುಲಭವೂ ಹೌದು. ಅಪ್ಪನ ಜಾಗದಲ್ಲಿ 10 ಸೆಂಟ್ಸ್ ದಾನಪತ್ರ ಮಾಡಿಸಿಕೊಂಡರೆ, ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಜಾಗದ ಬೆಲೆಯ ಮೇಲೆ ಶೇಕಡಾವಾರು ಬರುವುದಿಲ್ಲ, ನಿಗದಿತ ಮೊತ್ತ. ಆಮೇಲೆ ಕನ್ವರ್ಷನ್, ಸಿಂಗಲ್ ಲೇಔಟ್, ಪಂಚಾಯತಿನ 9/11. ನಮ್ಮ ಜಿಲ್ಲೆಯಲ್ಲಿ ಜನ ಸೋಲುವುದು ಈ 9/11ರ ಹತ್ತಿರವೇ. ಆರ್‌ಟಿಸಿಯಲ್ಲಿ ಐದಾರು ಹೆಸರಿದ್ದು ಪ್ಲಾಟಿಂಗ್ ಆಗದಿದ್ದರೆ ಅದಕ್ಕಿಂತ ಮೊದಲೇ ನಿಲ್ಲುತ್ತದೆ. ಇದೆಲ್ಲ ಮುಗಿದ ಮೇಲೆ ಬ್ಯಾಂಕಿಗೆ ಹೋಗಿ, ಮೊದಲು ಹೋದರೆ ಪ್ರೊಸೆಸಿಂಗ್ ಫೀಸು ದಂಡ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹ ಸಾಲಕ್ಕೆ ಮನೆ ಮೌಲ್ಯದ ಶೇ. 90ರವರೆಗೆ, 75 ಲಕ್ಷದವರೆಗೆ ಶೇ. 80ರವರೆಗೆ ಕೊಡಬಹುದು. ಕೊಡಲೇಬೇಕು ಅಂತಲ್ಲ. ನೋಂದಣಿ ಖರ್ಚನ್ನು ಮೌಲ್ಯದಲ್ಲಿ ಸೇರಿಸುವುದಿಲ್ಲ, ಅದು ಕೈಯಿಂದ. ದುಡ್ಡು ಒಟ್ಟಿಗೆ ಬರುವುದಿಲ್ಲ. ಪಂಚಾಂಗ, ಲಿಂಟಲ್, ಸ್ಲಾಬ್ ಅಂತ ಹಂತ ಹಂತವಾಗಿ.

ಯಾವ ಸಾಲವಾದರೂ 2024ರ ಅಕ್ಟೋಬರ್‌ನಿಂದ ಬ್ಯಾಂಕ್ ಒಂದು ಮುಖ್ಯಾಂಶ ಪತ್ರ ಕೊಡಬೇಕು, ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ನಿಜವಾದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಸಾಲದ ಜೊತೆ ವಿಮೆ ಅಂಟಿಸಿದ್ದಾರಾ ಅಂತ ಗೊತ್ತಾಗುವುದು ಅಲ್ಲಿಯೇ. ಸಾಲ ತೀರಿದ 30 ದಿನದೊಳಗೆ ಮೂಲ ಕಾಗದಪತ್ರ ವಾಪಸ್ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು, ಇದು 2023ರ ಡಿಸೆಂಬರ್‌ನಿಂದ. ಮಾರುವವರ ಸೊಸೈಟಿ ಸಾಲ ಆರ್‌ಟಿಸಿಯ 11ನೇ ಕಾಲಂನಲ್ಲಿ ಕಾಣುತ್ತದೆ. "ಅದೆಲ್ಲ ಕಟ್ಟಿ ಆಗಿದೆ" ಅಂದರೆ, ಋಣ ತೆಗೆದ ಹೊಸ ಆರ್‌ಟಿಸಿ ಕೊಡಿ ಅನ್ನಿ. ಗಾಳಿಮುಖ ದಾಟಿ ಆಚೆ ಕೊಳ್ಳುವವರಿಗೆ ಈ ಕಾಗದಗಳ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಕೇರಳದ ಲೆಕ್ಕ.

ಇದೆಲ್ಲ ಗೊತ್ತಿದ್ದೂ ಜನ ಸಿಕ್ಕಿಬೀಳುವುದು ಅಡ್ವಾನ್ಸ್ ಕೊಟ್ಟ ಮೇಲೆ. ವ್ಯಾಲ್ಯುವರ್ ಬರುವಾಗ ಕರಾರು ಆಗಿಹೋಗಿರುತ್ತದೆ, ಹಿಂದೆ ಸರಿದರೆ ಅಡ್ವಾನ್ಸ್ ಹೋಯಿತು. ಆದ್ದರಿಂದ ಕರಾರಿನಲ್ಲೇ ಎರಡು ಸಾಲು ಬರೆಸಿ: ಬ್ಯಾಂಕಿನ ವ್ಯಾಲ್ಯುಯೇಶನ್ ಇಂತಿಷ್ಟಕ್ಕಿಂತ ಕಮ್ಮಿ ಬಂದರೆ, ಅಥವಾ ವಕೀಲರ ವರದಿಯಲ್ಲಿ ತೊಡಕು ಕಂಡು ಸಾಲ ಮಂಜೂರಾಗದಿದ್ದರೆ, 60 ದಿನದೊಳಗೆ ಅಡ್ವಾನ್ಸ್ ಪೂರ್ತಿ ವಾಪಸ್. ಬ್ರೋಕರ್ ಮುಖ ಗಂಟು ಹಾಕುತ್ತಾನೆ, "ಹಾಗೆಲ್ಲ ಯಾರೂ ಬರೆಯುವುದಿಲ್ಲ" ಅನ್ನುತ್ತಾನೆ. ವರ್ಗ ಸರಿ ಇರುವ, ಕಾಗದ ಸರಿ ಇರುವ ಜಾಗದ ಯಜಮಾನರು ಬರೆದುಕೊಡುತ್ತಾರೆ, ಕಳೆದ ಬೇಸಿಗೆಯಲ್ಲಿ ನನ್ನೆದುರೇ ಒಬ್ಬರು ಬರೆದುಕೊಟ್ಟರು.